ಇಪ್ಪತ್ನಾಲ್ಕು ಮತಗಳ ಊರು

ಡಬ್ಲಿನ್ನಿನಿಂದ ಕಾರ್ಕ್‌ಗೆ ಹೋಗುವ ದಾರಿಯಲ್ಲಿ ಕ್ಯಾಶೆಲ್ ಎಂಬ ಸಣ್ಣ ಊರು ಸಿಗುತ್ತದೆ. ಟಿಪ್ಪರೇರಿ ಕೌಂಟಿಯ ಹಸಿರು ಬಯಲಿನ ನಡುವೆ ಒಂದು ಸುಣ್ಣಕಲ್ಲಿನ ಬಂಡೆ, ಅದರ ಮೇಲೆ ಮಾಡಿಲ್ಲದ ಹಳೆಯ ಕೆಥೆಡ್ರಲ್, ಪಕ್ಕದಲ್ಲಿ ಒಂದು ಗುಂಡು ಗೋಪುರ. ಐರ್ಲೆಂಡಿನ ಕ್ಯಾಲೆಂಡರುಗಳಲ್ಲಿ ಈ ಚಿತ್ರ ಇಲ್ಲದ ವರ್ಷ ಇರಲಾರದು. ಕಾರ್ಕ್‌ನಲ್ಲಿ ಕೆಲಸಕ್ಕಿರುವ ಮಗಳ ಜೊತೆ ನಾನು ಅಲ್ಲಿ ಇಳಿದಾಗ ಪ್ರವಾಸಿಗಳೆಲ್ಲ ಬಂಡೆಯ ಕಡೆ ನಡೆದರು. ನಾನು ಪೇಟೆಬೀದಿಯಲ್ಲಿ ನಿಂತು ಅಂಗಡಿಸಾಲು ನೋಡುತ್ತಿದ್ದೆ. "ಅಪ್ಪಾ, ಎಲ್ಲರೂ ಇರೋದನ್ನ ನೋಡೋಕೆ ಬರ್ತಾರೆ. ನೀವು ಇಲ್ಲದೇ ಇರೋದನ್ನ ನೋಡೋಕೆ ಬಂದಿದ್ದೀರಿ" ಎಂದಳು ಮಗಳು.

ಅವಳು ಹೇಳಿದ್ದು ಸರಿ. ನಾನು ನೋಡಲು ಬಂದದ್ದು 1870ರಲ್ಲಿ ಅಳಿಸಿಹೋದ ಒಂದು ಮತಕ್ಷೇತ್ರವನ್ನು.

ಮೂವತ್ತು ವರ್ಷ ಪದವಿ ತರಗತಿಗಳಿಗೆ ಇಂಗ್ಲೆಂಡಿನ ಇತಿಹಾಸ ಹೇಳಿದವನು ನಾನು. 1832ರ ಸುಧಾರಣಾ ಕಾಯಿದೆಯ ಪಾಠದಲ್ಲಿ 'ಕೊಳೆತ ಬರೋಗಳು' ಎಂಬ ಮಾತು ಬರುತ್ತದೆ. ಜನರಿಲ್ಲದಿದ್ದರೂ ಪಾರ್ಲಿಮೆಂಟಿಗೆ ಸದಸ್ಯರನ್ನು ಕಳಿಸುತ್ತಿದ್ದ ಊರುಗಳು ಎಂದು ನೋಟ್ಸ್ ಬರೆಸಿ ಮುಂದೆ ಹೋಗುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಆ ಕುರ್ಚಿಗೆ ದುಡ್ಡು ಯಾರಿಗೆ ಕೊಡ್ತಿದ್ರು? ಯಾರಾದ್ರೂ ಒಬ್ಬರ ಹೆಸರು ಹೇಳಿ" ಎಂದ. ನನ್ನಲ್ಲಿ ಹೆಸರಿರಲಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು, ಆದರೆ ಅವನ ಪ್ರಶ್ನೆ ನನ್ನನ್ನು ಕ್ಯಾಶೆಲ್‌ವರೆಗೆ ತಂದಿತು. ಹುಡುಕುತ್ತ ಹೋದಂತೆ ಸಿಕ್ಕಿದ ಹೆಸರುಗಳಲ್ಲಿ ಎರಡು ನಮ್ಮ ಶ್ರೀರಂಗಪಟ್ಟಣವನ್ನು ಹಾದುಬಂದವು ಎಂಬುದು ಮಾತ್ರ ನಾನು ನಿರೀಕ್ಷಿಸಿದ್ದಲ್ಲ.

ಊರಿನ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಐರಿಶ್ ನುಡಿಯಲ್ಲಿ 'ಕ್ಯಾಶೆಲ್' ಅಂದರೆ ಕಲ್ಲಿನ ಕೋಟೆ. ದಕ್ಷಿಣದ ಮನ್‌ಸ್ಟರ್ ಸೀಮೆಯ ದೊರೆಗಳಿಗೆ ಇದೇ ರಾಜಧಾನಿ. 1101ರಲ್ಲಿ ದೊರೆಯೊಬ್ಬ ಬಂಡೆಯನ್ನು ಚರ್ಚಿಗೆ ದಾನ ಕೊಟ್ಟ. ಅಲ್ಲಿಂದ ಮುಂದೆ ಅದು ಆರ್ಚ್‌ಬಿಷಪ್ಪರ ಊರು. ಹದಿನೆಂಟನೆಯ ಶತಮಾನದ ನಡುವೆ ಆರ್ಥರ್ ಪ್ರೈಸ್ ಎಂಬ ಆರ್ಚ್‌ಬಿಷಪ್ ಬಂಡೆಯ ಮೇಲಿನ ಕೆಥೆಡ್ರಲನ್ನು ಕೈಬಿಟ್ಟ. ಬಯಲಾದ ಕಟ್ಟಡ ಹಾಳಾಯಿತು. ಇದೇ ಪ್ರೈಸ್ ಸಾಯುವಾಗ ತನ್ನ ನೌಕರನ ಮಗ ಆರ್ಥರ್ ಗಿನ್ನೆಸ್ ಎಂಬ ಹುಡುಗನಿಗೆ ನೂರು ಪೌಂಡ್ ಬರೆದಿಟ್ಟ. ಆ ಹುಡುಗ ಮುಂದೆ ಬಿಯರ್ ತಯಾರಿಕೆಗೆ ಇಳಿದ. ಉಳಿದದ್ದು ಜಗತ್ತಿಗೆ ಗೊತ್ತು.

1800ರವರೆಗೆ ಐರ್ಲೆಂಡಿಗೆ ಡಬ್ಲಿನ್ನಿನಲ್ಲಿ ಸ್ವಂತ ಪಾರ್ಲಿಮೆಂಟಿತ್ತು. ಕೆಳಮನೆಯಲ್ಲಿ 300 ಸದಸ್ಯರು. 32 ಕೌಂಟಿಗಳಿಂದ ಇಬ್ಬಿಬ್ಬರು, ಡಬ್ಲಿನ್ ವಿಶ್ವವಿದ್ಯಾಲಯದಿಂದ ಇಬ್ಬರು. ಮಿಕ್ಕ 234 ಮಂದಿ 117 ಬರೋಗಳಿಂದ, ಅಂದರೆ ಹಕ್ಕುಪತ್ರ ಪಡೆದ ಪಟ್ಟಣಗಳಿಂದ. ಇವುಗಳಲ್ಲಿ ಬಹುಪಾಲು ಒಬ್ಬೊಬ್ಬ ಜಮೀನ್ದಾರನ ಜೇಬಿನಲ್ಲಿದ್ದವು. ಕ್ಯಾಶೆಲ್ ಪೆನಿಫಾದರ್ ಎಂಬ ಮನೆತನದ ಹಿಡಿತದಲ್ಲಿತ್ತು. ಮತ ಹಾಕುವವರು ಊರಿನ ಜನರಲ್ಲ, ನಗರಸಭೆಗೆ ಸೇರಿದವರು. ನಗರಸಭೆಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸುವವರು ಈಗಾಗಲೇ ಒಳಗಿದ್ದವರು. ಒಂದು ಮನೆತನ ಒಮ್ಮೆ ಒಳಹೊಕ್ಕು ಬಾಗಿಲು ಹಾಕಿಕೊಂಡರೆ ಮುಗಿಯಿತು. ಊರಿನಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಒಳಗಿದ್ದವರು ಪ್ರಾಟೆಸ್ಟಂಟರು.

1800ರಲ್ಲಿ ಐರ್ಲೆಂಡನ್ನು ಬ್ರಿಟನ್ನಿನೊಂದಿಗೆ ಒಂದುಗೂಡಿಸುವ ಕಾಯಿದೆ ಬಂತು. ಅದನ್ನು ಡಬ್ಲಿನ್ನಿನ ಪಾರ್ಲಿಮೆಂಟಿನಲ್ಲಿ ಪಾಸು ಮಾಡಿಸಿದವನು ಲಾರ್ಡ್ ಕ್ಯಾಸಲ್‌ರೇ. ಇನ್ನು ಮುಂದೆ ಲಂಡನ್ನಿನ ಕೆಳಮನೆಯಲ್ಲಿ ಐರ್ಲೆಂಡಿಗೆ 100 ಕುರ್ಚಿ ಮಾತ್ರ. 84 ಬರೋಗಳು ಪೂರ್ತಿ ರದ್ದಾದವು. ಆಗ ಒಂದು ಪ್ರಶ್ನೆ ಎದ್ದಿತು: ಬರೋ ಕಳೆದುಕೊಂಡ ಒಡೆಯರ ಗತಿ ಏನು? ಒಂದೊಂದು ಬರೋಗೂ 15,000 ಪೌಂಡ್ ಪರಿಹಾರ ಎಂದು ನಿಗದಿಯಾಯಿತು. ಒಟ್ಟು 12 ಲಕ್ಷ 60 ಸಾವಿರ ಪೌಂಡ್. ಮತದ ಹಕ್ಕು ಖಾಸಗಿ ಆಸ್ತಿ ಎಂದು ಸರ್ಕಾರವೇ ಲೆಕ್ಕಪುಸ್ತಕದಲ್ಲಿ ಬರೆದುಕೊಂಡ ಹಾಗಾಯಿತು. ಹೊಲ ಕಳೆದುಕೊಂಡವನಿಗೆ ಕೊಟ್ಟಂತೆ ಕುರ್ಚಿ ಕಳೆದುಕೊಂಡವನಿಗೂ ಕೊಟ್ಟರು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊನೆಯಲ್ಲಿ ಬೇಕಾಗುತ್ತದೆ.

ಕ್ಯಾಶೆಲ್ ಉಳಿದುಕೊಂಡಿತು. ಎರಡು ಕುರ್ಚಿ ಹೋಗಿ ಒಂದಾಯಿತು, ಅಷ್ಟೇ. ಲಂಡನ್ನಿನ ಮಂತ್ರಿಗಳಿಗೆ ಇಂಥ ಊರುಗಳು ಬೇಕಾಗಿದ್ದವು. ಸಾವಿರಾರು ಮತದಾರರ ಎದುರು ನಿಲ್ಲದೆ ತಮ್ಮವರನ್ನು ಒಳಗೆ ತರಲು ಇದಕ್ಕಿಂತ ಸಲೀಸಾದ ಬಾಗಿಲಿಲ್ಲ. 1802ರಿಂದ 1806ರವರೆಗೆ ಕ್ಯಾಶೆಲ್ ಸದಸ್ಯನಾಗಿದ್ದವನು ವಿಲಿಯಂ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು. ಯೂರೋಪಿನಲ್ಲಿ ಬ್ರಿಟನ್ನಿನ ಗೂಢಚಾರ ಜಾಲ ನಡೆಸಿದ್ದ ಈತ ಆಗ ಐರ್ಲೆಂಡ್ ಆಡಳಿತದ ಮುಖ್ಯ ಕಾರ್ಯದರ್ಶಿಯಾಗಿ ಬಂದಿದ್ದ. 1803ರಲ್ಲಿ ದಂಗೆಯೆದ್ದ ರಾಬರ್ಟ್ ಎಮ್ಮೆಟ್ ಎಂಬ ತರುಣನನ್ನು ಗಲ್ಲಿಗೇರಿಸಿದ ದಿನ, ಎಮ್ಮೆಟ್ ಬರೆದಿಟ್ಟಿದ್ದ ಒಂದು ಕಾಗದ ವಿಕ್‌ಹ್ಯಾಮ್‌ನ ಕೈಸೇರಿತು. ಸಿಟ್ಟಿಲ್ಲದ, ಸೌಜನ್ಯದ ಕಾಗದ. ವಿಕ್‌ಹ್ಯಾಮ್‌ಗೆ ಆಮೇಲೆ ನೆಮ್ಮದಿ ಇರಲಿಲ್ಲ. ಮರುವರ್ಷ ಹುದ್ದೆ ಬಿಟ್ಟ, ಆ ಕಾಗದವನ್ನು ಬಹುಕಾಲ ಮರೆಯಲಿಲ್ಲ. ಕ್ಯಾಶೆಲ್ ಸದಸ್ಯರ ಪಟ್ಟಿಯಲ್ಲಿ ನನಗೆ ಮನುಷ್ಯನಾಗಿ ಕಾಣಿಸುವವನು ಇವನೊಬ್ಬ. ಅವನ ನಂತರ ಸ್ಕಾಟ್ಲೆಂಡಿನ ಲಾರ್ಡ್ ಪ್ರಿಮ್‌ರೋಸ್ ಸ್ವಲ್ಪ ಕಾಲ ಕೂತು ಎದ್ದ.

1807ರಲ್ಲಿ ಕ್ವಿಂಟಿನ್ ಡಿಕ್ ಎಂಬ ಹಣವಂತ ಬಂದ. ಇವನಿಂದಾಗಿಯೇ ಕ್ಯಾಶೆಲ್ ವ್ಯಾಪಾರ ಬೀದಿಗೆ ಬಿತ್ತು.

1809ರ ಆರಂಭದಲ್ಲಿ ಲಂಡನ್ ಒಂದು ಹಗರಣದಲ್ಲಿ ಮುಳುಗಿತ್ತು. ಸೈನ್ಯದ ಮಹಾದಂಡನಾಯಕ ಯಾರ್ಕ್ ಡ್ಯೂಕ್ ದೊರೆಯ ಮಗ. ಅವನ ಪ್ರೇಯಸಿಯಾಗಿದ್ದ ಮೇರಿ ಆ್ಯನ್ ಕ್ಲಾರ್ಕ್ ದುಡ್ಡು ತೆಗೆದುಕೊಂಡು ಸೈನ್ಯದ ಹುದ್ದೆಗಳನ್ನು ಕೊಡಿಸುತ್ತಿದ್ದಳೆಂದು ಹೌಸ್ ಆಫ್ ಕಾಮನ್ಸಿನಲ್ಲಿ ವಿಚಾರಣೆ ನಡೆಯಿತು. ಸರ್ಕಾರ ಡ್ಯೂಕನ ಪರ. ಡಿಕ್ ತನ್ನ ಮನಸ್ಸಾಕ್ಷಿಯಂತೆ ಸರ್ಕಾರದ ವಿರುದ್ಧ ಮತ ಹಾಕಲು ಹೊರಟಿದ್ದ. ಮೇ 11ರಂದು ವಿಲಿಯಂ ಮ್ಯಾಡಕ್ಸ್ ಎಂಬ ಸದಸ್ಯ ಎದ್ದು ಮನೆಯ ಮುಂದಿಟ್ಟ ಆರೋಪ ಹೀಗಿತ್ತು: ಡಿಕ್ ಕ್ಯಾಶೆಲ್ ಕುರ್ಚಿಯನ್ನು ಖಜಾನೆಯ ಪರವಾಗಿ ವ್ಯವಹರಿಸಿದ ಹೆನ್ರಿ ವೆಲ್ಲೆಸ್ಲಿಯ ಮೂಲಕ ಕೊಂಡುಕೊಂಡಿದ್ದ; ಮಂತ್ರಿ ಕ್ಯಾಸಲ್‌ರೇ ಅವನಿಗೆ, ನಮ್ಮ ಜೊತೆ ಮತ ಹಾಕು, ಇಲ್ಲವೇ ಕುರ್ಚಿ ಬಿಡು ಎಂಬರ್ಥದ ಮಾತು ಮುಟ್ಟಿಸಿದ; ಹಣಕಾಸು ಮಂತ್ರಿ ಸ್ಪೆನ್ಸರ್ ಪರ್ಸಿವಲ್‌ಗೂ ಇದು ಗೊತ್ತಿತ್ತು; ಡಿಕ್ ಕುರ್ಚಿ ಬಿಟ್ಟ.

ಈ ಮಾತನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ನಿಂತದ್ದು ಹೆನ್ರಿ ವೆಲ್ಲೆಸ್ಲಿಯ ಹೆಸರಿನ ಮೇಲೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಮೈಸೂರಿನ ನೆಲವನ್ನು ಹೇಗೆ ಹಂಚಬೇಕು, ಸಿಂಹಾಸನದ ಮೇಲೆ ಯಾರನ್ನು ಕೂರಿಸಬೇಕು ಎಂಬುದನ್ನು ನಡೆಸಿಕೊಡಲು ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿ ಒಂದು ಆಯೋಗ ಮಾಡಿದ. ಅದರಲ್ಲಿ ಅವನ ಇಬ್ಬರು ತಮ್ಮಂದಿರಿದ್ದರು: ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡಿದ್ದ ಆರ್ಥರ್, ಮತ್ತು ಅಣ್ಣನ ಕಾರ್ಯದರ್ಶಿ ಹೆನ್ರಿ. ಐದು ವರ್ಷದ ಕೃಷ್ಣರಾಜ ಒಡೆಯರ್ ಗದ್ದುಗೆಯೇರಿದ್ದು ಆ ಆಯೋಗದ ಕಾಲದಲ್ಲಿ. ಎಂಟೇ ವರ್ಷದ ಬಳಿಕ ಅದೇ ಹೆನ್ರಿ ಲಂಡನ್ನಿನ ಖಜಾನೆಯ ಕಾರ್ಯದರ್ಶಿ, ಅದೇ ಆರ್ಥರ್ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ. ಐರಿಶ್ ಕುರ್ಚಿಗಳನ್ನು ಸರ್ಕಾರಕ್ಕೆ ಹೊಂದಿಸಿಕೊಡುವುದು ಆರ್ಥರನ ಕಚೇರಿ ಕೆಲಸಗಳಲ್ಲಿ ಒಂದಾಗಿತ್ತು.

ಈ ಅಣ್ಣತಮ್ಮಂದಿರು ಐರ್ಲೆಂಡಿನವರೇ. ಆರ್ಥರ್ ತಾನೇ 1790ರಲ್ಲಿ, ಇಪ್ಪತ್ತೊಂದರ ಹೊಸ್ತಿಲಲ್ಲಿ, ತಮ್ಮ ಮನೆತನದ ಬರೋ ಟ್ರಿಮ್‌ನಿಂದ ಡಬ್ಲಿನ್ ಪಾರ್ಲಿಮೆಂಟಿಗೆ ಹೋಗಿದ್ದ. ಹಿರಿಯಣ್ಣನಿಗೆ ಮೈಸೂರನ್ನು ಗೆದ್ದುಕೊಟ್ಟದ್ದಕ್ಕೆ ಇಂಗ್ಲೆಂಡಿನ ಬಿರುದು ಸಿಗದೆ ಐರ್ಲೆಂಡಿನ ಬಿರುದು ಸಿಕ್ಕಾಗ, ಇದು ಚಿನ್ನದ ಮುಲಾಮು ಹಚ್ಚಿದ ಆಲೂಗಡ್ಡೆ ಎಂದು ಹಳಿದುಕೊಂಡನಂತೆ. ನಮ್ಮ ಪಠ್ಯಗಳಲ್ಲಿ ಇವರು ಬಂದು ಗೆದ್ದು ಹೋಗುತ್ತಾರೆ. ಎಲ್ಲಿಂದ ಬಂದರು, ಹೋಗಿ ಏನು ಮಾಡಿದರು ಎಂದು ನಾನೂ ಮೂವತ್ತು ವರ್ಷ ಕೇಳಿಕೊಂಡಿರಲಿಲ್ಲ.

ಅದೇ 1809ರ ಏಪ್ರಿಲ್‌ನಲ್ಲಿ ಕ್ಯಾಸಲ್‌ರೇ ಇನ್ನೊಂದು ಆರೋಪ ಎದುರಿಸಿದ್ದ. ಭಾರತದ ವ್ಯವಹಾರಗಳ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನಾಗಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಒಂದು ರೈಟರ್ ನೌಕರಿಯನ್ನು, ಗೆಳೆಯ ಲಾರ್ಡ್ ಕ್ಲಾನ್‌ಕಾರ್ಟಿಗೆ ಪಾರ್ಲಿಮೆಂಟಿನ ಕುರ್ಚಿ ದೊರಕಿಸಲು ಬಳಸಹೊರಟಿದ್ದ ಎಂಬುದು. ರೈಟರ್ ಅಂದರೆ ಗುಮಾಸ್ತನಾಗಿ ಬಂದು ಕಲೆಕ್ಟರೋ ರೆಸಿಡೆಂಟೋ ಆಗಿ ಮರಳುವ ತರುಣ. ಅಂದರೆ ಇಲ್ಲಿನ ಒಂದು ಹುದ್ದೆ ಅಲ್ಲಿನ ಒಂದು ಕುರ್ಚಿಗೆ ಬದಲು. ವ್ಯವಹಾರ ಕುದುರಲಿಲ್ಲವಾದ್ದರಿಂದ ಕ್ರಮ ಬೇಡ ಎಂದು ಮನೆ ತೀರ್ಮಾನಿಸಿತು. ಮ್ಯಾಡಕ್ಸನ ಗೊತ್ತುವಳಿಯ ಗತಿಯೂ ಬೇರೆಯಾಗಲಿಲ್ಲ. ಪರ 85, ವಿರುದ್ಧ 310. ಕುರ್ಚಿ ಕೊಂಡು ಬಂದವರೇ ತುಂಬಿದ್ದ ಮನೆ ಇನ್ನೇನು ತೀರ್ಪು ಕೊಟ್ಟೀತು? ಆದರೂ ಮುಜುಗರವಾಗಿರಬೇಕು. ಜೂನ್‌ನಲ್ಲಿ ಜಾನ್ ಕ್ರಿಶ್ಚಿಯನ್ ಕರ್ವೆನ್ ತಂದ ಮಸೂದೆಯನ್ನು ಸಾಕಷ್ಟು ತೆಳುಮಾಡಿ, ಕುರ್ಚಿಗಳ ಮಾರಾಟ ನಿಷಿದ್ಧ ಎಂಬ ಕಾಯಿದೆ ಪಾಸು ಮಾಡಿದರು.

ಡಿಕ್ ಖಾಲಿಮಾಡಿದ ಕುರ್ಚಿ ಆಗಲೇ ತುಂಬಿತ್ತು. ಮ್ಯಾಡಕ್ಸ್ ಎದ್ದು ನಿಲ್ಲುವುದಕ್ಕೆ ಒಂದು ತಿಂಗಳು ಮೊದಲು, ಏಪ್ರಿಲ್‌ನಲ್ಲಿ, ಇಪ್ಪತ್ತೊಂದು ತುಂಬಿ ಎರಡು ತಿಂಗಳಾಗಿದ್ದ ಒಬ್ಬ ತರುಣ ಕ್ಯಾಶೆಲ್‌ನಿಂದ ಅವಿರೋಧವಾಗಿ ಆಯ್ಕೆಯಾದ. ಮತದಾರರ ಪಟ್ಟಿಯಲ್ಲಿದ್ದವರು 24 ಜನ. ಅಪ್ಪ ಹತ್ತಿಬಟ್ಟೆ ಗಿರಣಿಗಳ ಶ್ರೀಮಂತ. ಮಗ ಆಕ್ಸ್‌ಫರ್ಡಿನಲ್ಲಿ ಎರಡು ವಿಷಯಗಳಲ್ಲಿ ಮೊದಲ ದರ್ಜೆ ಪಡೆದವನು. ಅಪ್ಪನ ಹಣ, ಆರ್ಥರ್ ವೆಲ್ಲೆಸ್ಲಿಯ ಏರ್ಪಾಡು. ವೆಲ್ಲೆಸ್ಲಿ ಅದೇ ತಿಂಗಳು ನೆಪೋಲಿಯನ್ನನ ಸೈನ್ಯದೊಡನೆ ಕಾದಲು ಪೋರ್ಚುಗಲ್ಲಿಗೆ ಹಡಗು ಹತ್ತಿದ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದ. ಆ ತರುಣನ ಹೆಸರು ರಾಬರ್ಟ್ ಪೀಲ್.

ಇತಿಹಾಸದ ವಿದ್ಯಾರ್ಥಿಗಳಿಗೆ ಪೀಲ್ ಬೇಕಾದವನು. ಲಂಡನ್ನಿಗೆ ಪೊಲೀಸ್ ಪಡೆ ಕಟ್ಟಿದವನು, ಎರಡು ಸಲ ಪ್ರಧಾನಿಯಾದವನು, 1846ರಲ್ಲಿ ಸ್ವಂತ ಪಕ್ಷವನ್ನೇ ಒಡೆದುಕೊಂಡು ಧಾನ್ಯ ಸುಂಕದ ಕಾಯಿದೆ ಕಿತ್ತುಹಾಕಿದವನು. ಕೊಳೆತ ಬರೋಗಳ ಸಮರ್ಥಕರು ಆಗ ಹೇಳುತ್ತಿದ್ದ ವಾದವೂ ಇದೇ: ಈ ಬಾಗಿಲು ಇಲ್ಲದಿದ್ದರೆ ಪ್ರತಿಭಾವಂತ ತರುಣರು ಒಳಗೆ ಬರುವುದು ಹೇಗೆ? ಪೀಲ್‌ನನ್ನು ನೋಡಿದರೆ ಆ ವಾದದಲ್ಲಿ ಒಂದಿಷ್ಟು ಹುರುಳಿದೆ ಅನ್ನಿಸುತ್ತದೆ. ಆದರೆ ಬಾಗಿಲ ಹೊರಗೆ ನಿಂತವರಲ್ಲಿ ಎಷ್ಟು ಪೀಲ್‌ಗಳಿದ್ದರು ಎಂಬ ಲೆಕ್ಕ ಯಾರೂ ಇಟ್ಟಿಲ್ಲ. ಅವನು ಕ್ಯಾಶೆಲ್ ಬಿಟ್ಟದ್ದು 1812ರಲ್ಲಿ. ಅದೇ ವರ್ಷ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ ಹೋಗಿ ಆರು ವರ್ಷ ಆ ದೇಶವನ್ನು ಆಳಿದ. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಬಾರದೆಂದು ವಾದಿಸಿದ. ಅವರ ನಾಯಕ ಡೇನಿಯಲ್ ಓ'ಕಾನೆಲ್ ಅವನಿಗೆ 'ಆರೆಂಜ್ ಪೀಲ್' ಎಂದು ಅಡ್ಡಹೆಸರಿಟ್ಟ. ಆರೆಂಜ್ ಅಂದರೆ ಕಟ್ಟಾ ಪ್ರಾಟೆಸ್ಟಂಟರ ಬಣ್ಣ, ಕಿತ್ತಳೆ ಸಿಪ್ಪೆಯೂ ಹೌದು. 1829ರಲ್ಲಿ ಪೀಲ್ ಮನಸ್ಸು ಬದಲಿಸಿ ಕ್ಯಾಥೊಲಿಕ್ ವಿಮೋಚನೆಯ ಮಸೂದೆಯನ್ನು ತಾನೇ ಮಂಡಿಸಿದಾಗ, ಆಗ ಪ್ರತಿನಿಧಿಸುತ್ತಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕುರ್ಚಿ ಬಿಟ್ಟು ಮತ್ತೆ ನಿಂತು ಸೋತ. ಕೂಡಲೇ ಅವನನ್ನು ಮನೆಯೊಳಗೆ ಕರೆತಂದದ್ದು ವೆಸ್ಟ್‌ಬರಿ ಎಂಬ ಇನ್ನೊಂದು ಜೇಬಿನ ಬರೋ. ಅದರ ಒಡೆಯ, ಮತ ಕೊಂಡ ಅಪರಾಧಕ್ಕೆ ಜೈಲು ಕಂಡುಬಂದಿದ್ದ ಮನಾಸ್ಸೆ ಲೋಪೆಸ್.

1832ರ ಸುಧಾರಣೆ ಕ್ಯಾಶೆಲ್‌ನಲ್ಲಿ ಪೆನಿಫಾದರರ ಬಾಗಿಲು ಒಡೆಯಿತು. ವರ್ಷಕ್ಕೆ ಹತ್ತು ಪೌಂಡ್ ಬೆಲೆಬಾಳುವ ಮನೆಯೋ ಅಂಗಡಿಯೋ ಉಳ್ಳವರಿಗೆ ಮತ ಬಂತು. ಅಂಗಡಿಕಾರರು, ಕ್ಯಾಥೊಲಿಕರು ಪಟ್ಟಿ ಸೇರಿದರು. ಆಮೇಲೆ ಕೆಲಕಾಲ ಅದು ವಕೀಲರ ಕ್ಷೇತ್ರ. ಲೂಯಿ ಪೆರಿನ್, ಸ್ಟೀಫನ್ ವೂಲ್ಫ್, ಜೋಸೆಫ್ ಸ್ಟಾಕ್ ಒಬ್ಬರ ಹಿಂದೊಬ್ಬರು ಬಂದರು. ಪೆರಿನ್ ಮತ್ತು ವೂಲ್ಫ್ ಇಲ್ಲಿಂದಲೇ ಸರ್ಕಾರಿ ವಕೀಲರಾಗಿ ನ್ಯಾಯಪೀಠಕ್ಕೆ ಏರಿದರು. ವೂಲ್ಫ್ ಕ್ಯಾಥೊಲಿಕ್. ಅವನಂಥವನು ಮೂವತ್ತು ವರ್ಷ ಮೊದಲು ಕ್ಯಾಶೆಲ್ ನಗರಸಭೆಯ ಮೆಟ್ಟಿಲು ಹತ್ತುವಂತಿರಲಿಲ್ಲ. 1846ರಿಂದ, ಆಲೂಗಡ್ಡೆ ಕೊಳೆತು ದೇಶ ಹಸಿವಿನಿಂದ ಖಾಲಿಯಾದ ಕಾಲದಿಂದ, ಹದಿಮೂರು ವರ್ಷ ಡಬ್ಲಿನ್ನಿನ ಮೇಯರ್ ತಿಮೊಥಿ ಓ'ಬ್ರಯನ್ ಈ ಕುರ್ಚಿಯಲ್ಲಿದ್ದ.

ಹಿಡಿತ ಹೋಯಿತು, ದುಡ್ಡು ಹೋಗಲಿಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮತದಾರರು 24 ಇದ್ದಾಗ ಮಾರಾಟವಾಗುತ್ತಿದ್ದದ್ದು ಇಡೀ ಕುರ್ಚಿ. ಹಣ ಒಬ್ಬ ಒಡೆಯನಿಗೆ, ಸಗಟು ವ್ಯಾಪಾರ. ಮತದಾರರು ಹೆಚ್ಚಿದ ಮೇಲೆ ಒಡೆಯನಿಲ್ಲ, ಚಿಲ್ಲರೆ ವ್ಯಾಪಾರ ಶುರುವಾಯಿತು. ಆದರೂ ಊರು ಸಣ್ಣದು. ನಾಲ್ಕಾರು ಮನೆ ಆಚೀಚೆಯಾದರೆ ಫಲಿತಾಂಶ ಬದಲು, ಹಾಗಾಗಿ ಒಂದೊಂದು ಮತಕ್ಕೂ ಭಾರಿ ಬೆಲೆ. ಜೊತೆಗೆ ಮತ ಗುಟ್ಟಿನದಲ್ಲ. ಕಟ್ಟೆಯ ಮುಂದೆ ನಿಂತು ಹೆಸರು ಕೂಗಿ ಹೇಳಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ. ಜಮೀನ್ದಾರ ಕೇಳಿಸಿಕೊಳ್ಳುತ್ತಾನೆ, ಪಾದ್ರಿ ಕೇಳಿಸಿಕೊಳ್ಳುತ್ತಾನೆ, ದುಡ್ಡು ಕೊಟ್ಟವನು ಸಾಮಾನು ಬಂತೋ ಇಲ್ಲವೋ ಎಂದು ಎಣಿಸಿಕೊಳ್ಳುತ್ತಾನೆ. ಕೊಂಡವನಿಗೆ ರಸೀದಿ ಸಿಗುವಂಥ ಏರ್ಪಾಡು ಅದು.

1868ರ ನವೆಂಬರ್ ಚುನಾವಣೆಯಲ್ಲಿ ಲಿಬರಲ್ ಪಕ್ಷದ ಜೇಮ್ಸ್ ಲಿಸ್ಟರ್ ಓ'ಬೈರ್ನ್ ಗೆದ್ದ. ಅದೇ ವರ್ಷ ಬಂದ ಹೊಸ ಕಾಯಿದೆಯ ಪ್ರಕಾರ ಚುನಾವಣಾ ತಕರಾರುಗಳನ್ನು ಪಾರ್ಲಿಮೆಂಟಿನ ಸಮಿತಿಯ ಬದಲು ನ್ಯಾಯಾಧೀಶರು ಊರಿಗೇ ಬಂದು ವಿಚಾರಿಸಬೇಕಿತ್ತು. 1869ರಲ್ಲಿ ಕ್ಯಾಶೆಲ್ ಆಯ್ಕೆ ರದ್ದಾಯಿತು. ಲಂಚದ ಆಳ ಅಗಲ ನೋಡಲು ಆಯೋಗ ಬಂತು. 1870ರಲ್ಲಿ ಸ್ಲೈಗೊ ಮತ್ತು ಕ್ಯಾಶೆಲ್ ಎರಡನ್ನೂ ಒಂದೇ ಕಾಯಿದೆಯಲ್ಲಿ ಸೇರಿಸಿ ಮತಕ್ಷೇತ್ರಗಳ ಪಟ್ಟಿಯಿಂದ ತೆಗೆದುಹಾಕಿದರು. ಎರಡೇ ವರ್ಷದ ಬಳಿಕ, 1872ರಲ್ಲಿ, ಗುಟ್ಟಿನ ಮತದ ಕಾಯಿದೆ ಬಂತು.

ಕಾಯಿದೆಯ ಭಾಷೆಯಲ್ಲಿ ಇದು ಸರಳವಾಗಿ ಕಾಣುತ್ತದೆ. ಬರೋ ಇಲ್ಲ, ಇನ್ನು ಆ ಊರು ಟಿಪ್ಪರೇರಿ ಕೌಂಟಿಗೆ ಸೇರಿತು. ಆದರೆ ಬರೋದಲ್ಲಿ ಮತಕ್ಕೆ ಬೇಕಾದ ಆಸ್ತಿಯ ಮಟ್ಟ 1868ರಿಂದ ನಾಲ್ಕು ಪೌಂಡಿಗಿಂತ ಹೆಚ್ಚು ಎಂದಷ್ಟೇ ಇತ್ತು. ಕೌಂಟಿಯಲ್ಲಿ ಅದು ಹನ್ನೆರಡು ಪೌಂಡ್. ನಾಲ್ಕಕ್ಕೂ ಹನ್ನೆರಡಕ್ಕೂ ನಡುವೆ ಇದ್ದವರು ಯಾರು? ಸಣ್ಣ ಮನೆಯ ಬಡಗಿ, ಚಮ್ಮಾರ, ಬೀದಿ ತುದಿಯ ಚಿಲ್ಲರೆ ಅಂಗಡಿಯವನು. ದುಡ್ಡು ಮುಟ್ಟಿದವನೂ ಮುಟ್ಟದವನೂ ಒಟ್ಟಿಗೆ ಪಟ್ಟಿಯಿಂದ ಹೊರಗೆ. 1868ರಲ್ಲಿ ಮೊದಲ ಸಲ ಮತ ಹಾಕಿದ ಇಂಥವನೊಬ್ಬನಿಗೆ ಅದೇ ಕೊನೆಯ ಮತವೂ ಆಗಿರಬಹುದು. 1884ರ ಕಾಯಿದೆ ಬಂದು ಕೌಂಟಿಗಳಲ್ಲೂ ಮಟ್ಟ ಇಳಿಯುವವರೆಗೆ ಅವನು ಕಾಯಬೇಕಿತ್ತು. 1800ರಲ್ಲಿ ಬರೋ ಕಳೆದುಕೊಂಡ ಒಡೆಯನಿಗೆ 15,000 ಪೌಂಡ್ ಎಣಿಸಿದ ಪಾರ್ಲಿಮೆಂಟು 1870ರಲ್ಲಿ ಇವರಿಗೆ ಒಂದು ಕಾಸೂ ಕೊಡಲಿಲ್ಲ. ಕೊಡಬೇಕೆಂದು ಕೇಳುವ ಮಾತೇ ನಗೆಪಾಟಲಾಗುತ್ತಿತ್ತು, ಏಕೆಂದರೆ ಅವರು ಲಂಚಕೋರರು. ಒಡೆಯನದು ಆಸ್ತಿ.

ಇವರು ಸೇರಬೇಕಾದ ಟಿಪ್ಪರೇರಿ ಕೌಂಟಿಯಲ್ಲಿ ಆಗ ಏನು ನಡೆಯುತ್ತಿತ್ತೆಂಬುದೂ ಸ್ವಾರಸ್ಯದ್ದು. 1869ರ ನವೆಂಬರ್ ಉಪಚುನಾವಣೆಯಲ್ಲಿ ಅಲ್ಲಿನ ಮತದಾರರು ಜೀವಾವಧಿ ಶಿಕ್ಷೆಯಲ್ಲಿ ಜೈಲಿನಲ್ಲಿದ್ದ ಫೆನಿಯನ್ ಬಂಡಾಯಗಾರ ಓ'ಡೊನೊವನ್ ರೊಸ್ಸಾನನ್ನು ಆರಿಸಿದರು. ಅಪರಾಧಿಗೆ ಕುರ್ಚಿಯಿಲ್ಲ ಎಂದು ಪಾರ್ಲಿಮೆಂಟು ಅದನ್ನೂ ರದ್ದುಮಾಡಿತು. ಒಂದೇ ಸೀಮೆಯಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಮತ ಮಾರಿಕೊಂಡವರ ಮತವೂ ಹೋಯಿತು, ಯಾರಿಗೂ ಮಾರದೆ ಜೈಲಿನಲ್ಲಿದ್ದವನಿಗೆ ಕೊಟ್ಟವರ ಮತವೂ ಹೋಯಿತು.

ಮಗಳ ಒತ್ತಾಯಕ್ಕೆ ಕೊನೆಗೆ ಬಂಡೆಯನ್ನೂ ಹತ್ತಿದೆ. ಮೇಲಿನಿಂದ ಊರು ಅಂಗೈಯಗಲ ಕಾಣುತ್ತದೆ: ಒಂದು ಮುಖ್ಯ ಬೀದಿ, ಅದರಿಂದ ಕವಲೊಡೆದ ಸಂದಿಗಳು, ಆರ್ಚ್‌ಬಿಷಪ್ಪರ ಅರಮನೆಯಾಗಿದ್ದು ಈಗ ಹೋಟೆಲಾಗಿರುವ ಕಟ್ಟಡ. ಇಪ್ಪತ್ನಾಲ್ಕು ಮನೆಗಳನ್ನು ಎಣಿಸಲು ನೋಡಿದೆ. ಮುಖ್ಯ ಬೀದಿಯ ಒಂದು ಬದಿಯೂ ಮುಗಿಯಲಿಲ್ಲ. ಅಷ್ಟರಲ್ಲಿ ಮಳೆ ಹನಿಯಿತು. ಕೆಥೆಡ್ರಲ್ಲಿಗೆ ಮಾಡಿಲ್ಲವಷ್ಟೆ, ಎಲ್ಲರೂ ಕಾರ್ಮಾಕ್‌ನ ಹಳೆಯ ಚಾಪೆಲಿನ ಕಡೆ ಓಡಿದೆವು.